ಹಳ್ಳಿಯಲ್ಲೊಂದು ಛಾಯಾಚಿತ್ರಶಾಲೆ



ಕಳೆದ ಬೇಸಗೆಯ ರಜೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ನಮ್ಮ ಮನೆಗೆ ಬಂದಿದ್ದನು. ಅವನ ಊರು ಹರಪನಹಳ್ಳಿ ತಾಲ್ಲೂಕಿನ ಹಲವಾಗಲು. ಬಿ. ಎ. ಮುಗಿಸಿ, ಎರಡು ವರ್ಷ ಕೆಲಸಕ್ಕಾಗಿ ಅಲೆದು, ಕಡೆಗೆ ಊರಿನಲ್ಲಿಯೇ ಒಂದು ಫೋಟೋ ಅಂಗಡಿಯನ್ನು ತೆರೆಯಬೇಕೆಂದು ನಿಶ್ಚಯಿಸಿದ್ದನು. ಇದ್ದ ಎರಡೆಕರೆ ಹೊಲವನ್ನು ಒತ್ತೆಯಿಟ್ಟು ಹಣ ತಂದುಕೊಡಲು ಅವನ ತಂದೆ ಒಪ್ಪಿದ್ದರು. “ಸರ್, ಯಾವ ಕ್ಯಾಮೆರಾ ತೆಗೆದುಕೊಂಡರೆ ಒಳ್ಳೆಯದು?” ಎಂಬುದೊಂದೇ ಅವನ ಪ್ರಶ್ನೆ. ನಾನು, “ಅದಿರಲಪ್ಪ, ನಿನ್ನ ಅಂಗಡಿಯ ಮೆಟ್ಟಿಲನ್ನು ಮೊದಲು ಹತ್ತುವವರು ಯಾರು?” ಎಂದು ಕೇಳಿದೆನು. ಅವನಿಗೆ ಉತ್ತರ ತೋಚಲಿಲ್ಲ. ಆ ದಿನ ನಮ್ಮಿಬ್ಬರಿಗೂ ನಡೆದ ವಿಚಾರವನ್ನೇ ಈ ಹೊತ್ತು ತಮ್ಮ ಮುಂದೆ ಇಡಬೇಕೆಂದಿದ್ದೇನೆ. ಪಟ್ಟಣದಲ್ಲಿರುವ ನಮ್ಮಲ್ಲಿ ಅನೇಕರಿಗೆ ಹಳ್ಳಿಯಲ್ಲಿ ತಮ್ಮನೋ ಸೋದರಳಿಯನೋ ಇದ್ದೇ ಇರುತ್ತಾನೆ. ಅವನು ಇಂಥ ಪ್ರಶ್ನೆಯನ್ನು ಕೇಳಿದಾಗ ಕ್ಯಾಮೆರಾದ ಹೆಸರನ್ನು ಮಾತ್ರ ಹೇಳಿ ಸುಮ್ಮನಾಗುವುದು ಹಿರಿಯರ ಲಕ್ಷಣವಲ್ಲ.

ಕೈಯಲ್ಲಿ ಹಿಡಿಯುವ ದೂರವಾಣಿಯೊಳಗೇ ಕ್ಯಾಮೆರಾ ಇರುವ ಈ ಕಾಲದಲ್ಲಿ ಹಣ ಕೊಟ್ಟು ಚಿತ್ರ ತೆಗೆಯಿಸುವವರು ಯಾರೆಂಬ ಸಂದೇಹವು ಸಹಜವೇ. ಆದರೆ ಮೂರು ಬಗೆಯ ಜನರು ಬಂದೇ ಬರುತ್ತಾರೆ. ಅರ್ಜಿಗೆ ಅಂಟಿಸುವ ಚಿಕ್ಕ ಭಾವಚಿತ್ರ ಬೇಕಾದವರು ಮೊದಲನೆಯವರು. ಮದುವೆ, ನಾಮಕರಣ, ಗೃಹಪ್ರವೇಶಗಳ ಯಜಮಾನರು ಎರಡನೆಯವರು. ಮೂರನೆಯವರನ್ನು ಹೊಸಬರು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮನೆಯ ಹಿರಿಯರು ತೀರಿಕೊಂಡ ಮೇಲೆ, ಗುರುತಿನ ಚೀಟಿಯಲ್ಲಿರುವ ಉಗುರಿನಷ್ಟು ಚಿತ್ರವನ್ನು ಹಿಡಿದುಕೊಂಡು, ಗೋಡೆಗೆ ಹಾಕುವಷ್ಟು ದೊಡ್ಡದು ಮಾಡಿಕೊಡಿರೆಂದು ಬರುವವರು ಇವರು. ಮಾಸಿದ ಆ ತುಣುಕಿನಿಂದ ಮುಖದ ಕಳೆಯನ್ನು ಎತ್ತಿ ತೋರಿಸುವುದು ಬಹು ಕಷ್ಟ. ಇವರು ಬದುಕಿದ್ದಾಗ ಒಂದು ಸಲ ಸರಿಯಾದ ಬೆಳಕಿನಲ್ಲಿ ಕೂಡಿಸಿ ತೆಗೆದಿದ್ದರೆ ಎಷ್ಟು ಚೆನ್ನಾಗಿತ್ತೆಂದು ಆಗ ಎಲ್ಲರಿಗೂ ಅನ್ನಿಸುತ್ತದೆ. ಈ ಕೊರತೆಯನ್ನು ಮುಂದಾಗಿ ಅರಿತು ಮನೆಮನೆಯ ವೃದ್ಧರ ಭಾವಚಿತ್ರವನ್ನು ಅಲ್ಪ ಬೆಲೆಗೆ ತೆಗೆದುಕೊಡುವವನಿಗೆ ಊರಿನಲ್ಲಿ ವಿಶ್ವಾಸ ಹುಟ್ಟುತ್ತದೆ. ವಿಶ್ವಾಸ ಹುಟ್ಟಿದಲ್ಲಿಗೆ ಮದುವೆಯ ಕರೆಯೂ ಬರುತ್ತದೆ.

ಇನ್ನು ಉಪಕರಣದ ವಿಚಾರ. ಛಾಯಾಚಿತ್ರವು ಬೆಳಕಿನ ವ್ಯಾಪಾರ; ಕ್ಯಾಮೆರಾ ಆ ವ್ಯಾಪಾರದ ತಕ್ಕಡಿ ಮಾತ್ರ. ಚಿತ್ರಶಾಲೆಗೆ ಉತ್ತರದ ಕಿಟಕಿಯೇ ಶ್ರೇಷ್ಠ, ಅಲ್ಲಿ ಬಿಸಿಲು ಬೀಳುವುದಿಲ್ಲ ಎಂದು ಇಂಗ್ಲಿಷ್ ಗ್ರಂಥಗಳಲ್ಲಿ ಹೇಳಿರುತ್ತದೆ. ಆ ಮಾತು ಇಂಗ್ಲೆಂಡಿಗೆ ಬಹುಮಟ್ಟಿಗೆ ಸರಿ, ನಮ್ಮ ಸೀಮೆಗೆ ಅಷ್ಟು ಸರಿಯಲ್ಲ. ಹಲವಾಗಲು ಉತ್ತರ ಅಕ್ಷಾಂಶ 14 ಮತ್ತು 15 ಡಿಗ್ರಿಗಳ ನಡುವೆ ಇದೆ. ಹೆಚ್ಚುಕಡಿಮೆ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಅಲ್ಲಿ ನಡುಹಗಲಿನ ಸೂರ್ಯನು ನೆತ್ತಿಯಿಂದ ಸ್ವಲ್ಪ ಉತ್ತರಕ್ಕೆ ವಾಲಿರುತ್ತಾನೆ. ಆ ತಿಂಗಳುಗಳ ಬೆಳಗು ಸಂಜೆಗಳಲ್ಲಿಯಂತೂ ಉತ್ತರದ ಕಿಟಕಿಗೆ ಓರೆಬಿಸಿಲು ತಪ್ಪದು. ಆದಕಾರಣ ಕಿಟಕಿಯ ಮೇಲೆ ಸಜ್ಜವನ್ನು ಕಟ್ಟಿಸಿ, ಒಳಗೆ ತೆಳುವಾದ ಬಿಳಿಯ ಪಂಚೆಯೊಂದನ್ನು ಇಳಿಯಬಿಟ್ಟರೆ, ಸಾವಿರಾರು ರೂಪಾಯಿಯ ದೀಪಗಳು ಕೊಡುವ ಮೃದುವಾದ ಬೆಳಕು ಹಗಲೆಲ್ಲ ಬಿಟ್ಟಿಯಾಗಿ ದೊರೆಯುತ್ತದೆ. ಕುಳಿತವರ ಮತ್ತೊಂದು ಪಕ್ಕಕ್ಕೆ ಬಿಳಿಯ ರಟ್ಟೊಂದನ್ನು ಹಿಡಿದರೆ ಆ ಕಡೆಯ ಕೆನ್ನೆಯ ಕತ್ತಲೆಯೂ ತಿಳಿಯಾಗುತ್ತದೆ.

ಹೊಸಬರನ್ನು ಮೋಸಗೊಳಿಸುವ ಇನ್ನೊಂದು ಸಂಗತಿಯುಂಟು. ಕ್ಯಾಮೆರಾದೊಳಗಿನ ಬೆಳಕಿನ ಅಳತೆಗೆ ಎದುರಿಗಿರುವುದು ಪಂಚೆಯೋ ಮುಖವೋ ತಿಳಿಯದು. ಎಲ್ಲವನ್ನೂ ನಡುವಣ ಬೂದುಬಣ್ಣವೆಂದು ಭಾವಿಸಿ ಅದು ತೂಗುತ್ತದೆ. ನಮ್ಮ ರೈತರು ಬಿಳಿಯ ಪಂಚೆ, ಬಿಳಿಯ ಅಂಗಿ, ಬಿಳಿಯ ರುಮಾಲು ಧರಿಸಿ ಕುಳಿತರೆ, ಯಂತ್ರವು ಬಿಳುಪು ಹೆಚ್ಚಾಯಿತೆಂದು ಬೆಳಕನ್ನು ಕಡಮೆಮಾಡುತ್ತದೆ. ಬಿಸಿಲಿನಲ್ಲಿ ಬೆಂದ ಮುಖವು ಚಿತ್ರದಲ್ಲಿ ಕಪ್ಪಿಟ್ಟುಹೋಗುತ್ತದೆ. ತನ್ನ ಮುಖವೇ ಹಾಗೆಂದು ಆ ಬಡವ ತಿಳಿದುಕೊಂಡು ಸುಮ್ಮನೆ ಹಣ ಕೊಟ್ಟು ಹೋಗುತ್ತಾನೆ. ತಪ್ಪು ಮುಖದ್ದಲ್ಲ, ಅಳೆದವನದು. ಮುಖವನ್ನು ನೋಡಿ ಅಳೆದು, ಬೇಕಾದಷ್ಟು ಬೆಳಕನ್ನು ಹೆಚ್ಚಿಸಿಕೊಳ್ಳುವುದನ್ನು ಕಲಿತವನೇ ನಮ್ಮ ನಾಡಿನ ಫೋಟೋಗ್ರಾಫರನು. ಅರ್ಜಿಯ ಚಿತ್ರದಲ್ಲಿಯೂ ಇಂಥ ಸೂಕ್ಷ್ಮಗಳುಂಟು. 35 ಮಿಲಿಮೀಟರು ಅಗಲ, 45 ಮಿಲಿಮೀಟರು ಎತ್ತರದ ಪಾಸ್‌ಪೋರ್ಟ್ ಚಿತ್ರದಲ್ಲಿ ಹಿನ್ನೆಲೆಯು ಬಿಳುಪಾಗಿರಬೇಕು, ನೆರಳು ಬೀಳಕೂಡದು. ಕುಳಿತವರನ್ನು ಗೋಡೆಯಿಂದ ನಾಲ್ಕೈದು ಅಡಿ ಮುಂದಕ್ಕೆ ಸರಿಸಿದರೆ ನೆರಳಿನ ತೊಂದರೆ ತಾನಾಗಿ ನಿವಾರಣೆಯಾಗುತ್ತದೆ.

ಈಗ ಲೆಕ್ಕಕ್ಕೆ ಬರೋಣ. ನನ್ನ ವಿದ್ಯಾರ್ಥಿಯು ಮನಸ್ಸಿನಲ್ಲಿ ಗುರುತು ಹಾಕಿಕೊಂಡಿದ್ದ ಕ್ಯಾಮೆರಾ ಮತ್ತು ಮಸೂರಗಳ ಬೆಲೆ 1,50,000 ರೂಪಾಯಿ. ಮೂರು ವರ್ಷಗಳಲ್ಲಿ ತೀರಿಸುವುದಾದರೆ ಬಡ್ಡಿಯನ್ನು ಬಿಟ್ಟು ಅಸಲೇ ತಿಂಗಳಿಗೆ 4,167 ರೂಪಾಯಿ. ಕಾಗದ, ಮಸಿ, ವಿದ್ಯುತ್ತು ಕಳೆದು ಒಂದು ಜೊತೆ ಚಿಕ್ಕ ಚಿತ್ರಗಳಲ್ಲಿ 40 ರೂಪಾಯಿ ಉಳಿಯುವುದೆಂದು ಇಟ್ಟುಕೊಂಡರೂ, ಅಸಲಿಗಾಗಿಯೇ ತಿಂಗಳಿಗೆ 105 ಗಿರಾಕಿಗಳು ಬರಬೇಕು. ಬಾಡಿಗೆಗೂ ಹೊಟ್ಟೆಗೂ ಬೇರೆ ಗಿರಾಕಿಗಳು ಬೇಕು. ಮದುವೆಗಳಿಂದ ತುಂಬಿಕೊಳ್ಳುವೆನೆಂದು ಅವನು ಹೇಳಿದನು. ಪಂಚಾಂಗವನ್ನು ತೆರೆದು ತೋರಿಸಿದೆನು. ಮಾಘ, ಫಾಲ್ಗುಣ, ವೈಶಾಖ, ಜ್ಯೇಷ್ಠಗಳಲ್ಲಿ ಒಂದೇ ದಿನಕ್ಕೆ ಮೂರು ಕಡೆಯ ಕರೆ ಬರಬಹುದು. ಆಷಾಢದಲ್ಲಿಯೂ ಧನುರ್ಮಾಸದಲ್ಲಿಯೂ ಒಂದು ವಾಲಗದ ಸದ್ದೂ ಕೇಳಿಸದು. ಸಾಲದ ಕಂತಿಗೆ ಆಷಾಢವಿಲ್ಲ. ಸುಗ್ಗಿಯ ಧಾನ್ಯವನ್ನು ಮಳೆಗಾಲಕ್ಕೆ ಕಣಜದಲ್ಲಿಡುವ ರೈತನಂತೆ ಮದುವೆಯ ತಿಂಗಳುಗಳ ಆದಾಯದಲ್ಲಿ ಒಂದು ಪಾಲನ್ನು ಬೇರೆಯಾಗಿ ತೆಗೆದಿಡದೆ ಈ ಉದ್ಯಮವು ನಿಲ್ಲಲಾರದು.

ಆದರೆ ಹೊಲವನ್ನು ಒತ್ತೆಯಿಡುವ ಅವಶ್ಯಕತೆಯೇ ಇಲ್ಲ. 2015 ರಲ್ಲಿ ಆರಂಭವಾದ ಮುದ್ರಾ ಯೋಜನೆಯಲ್ಲಿ ‘ಶಿಶು’ ಎಂಬ ವರ್ಗದ ಸಾಲವು 50,000 ರೂಪಾಯಿಯವರೆಗೆ ಯಾವ ಒತ್ತೆಯೂ ಇಲ್ಲದೆ ಬ್ಯಾಂಕುಗಳಿಂದ ದೊರೆಯುತ್ತದೆ. ಒಮ್ಮೆ ಇನ್ನೊಬ್ಬರು ಬಳಸಿದ ಕ್ಯಾಮೆರಾ, ಮುಖವನ್ನು ಡೊಂಕಾಗಿಸದ ಒಂದು ಮಸೂರ, ಒಂದು ಸಾಧಾರಣ ಮುದ್ರಣಯಂತ್ರ, ಇಷ್ಟರಿಂದ ಆರಂಭಿಸಲು ಈ ಮೊತ್ತವು ಬಹುಮಟ್ಟಿಗೆ ಸಾಕು. ಮದುವೆಯ ದಿನಕ್ಕೆ ಬೇಕಾದ ಹೆಚ್ಚಿನ ಉಪಕರಣಗಳನ್ನು ಬಾಡಿಗೆಗೆ ತರಬಹುದು. ಕೆಲಸವನ್ನು ಕಲಿಯಲು ಹಣವನ್ನೂ ಕೊಡಬೇಕಾಗಿಲ್ಲ. 1982 ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಸಂಸ್ಥೆಯೂ ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳೂ ಕೂಡಿ ಸ್ಥಾಪಿಸಿದ ರುಡ್‌ಸೆಟ್ ಸಂಸ್ಥೆಯು ನಿರುದ್ಯೋಗಿ ಯುವಕರಿಗೆ ಊಟವಸತಿಗಳೊಡನೆ ಉಚಿತವಾಗಿ ಶಿಕ್ಷಣ ಕೊಡುತ್ತ ಬಂದಿದೆ. ಛಾಯಾಚಿತ್ರಣವೂ ಅದರ ಪಾಠಗಳಲ್ಲೊಂದು. ಅದೇ ಮಾದರಿಯ ಸಂಸ್ಥೆಗಳು ಈಗ ದೇಶದ ನಾನಾ ಜಿಲ್ಲೆಗಳಲ್ಲಿ ಬ್ಯಾಂಕುಗಳ ಆಶ್ರಯದಲ್ಲಿ ನಡೆಯುತ್ತಿವೆ. ಅಲ್ಲಿ ಕಲಿತಮೇಲೂ ಒಂದು ಮದುವೆಯ ಕಾಲವನ್ನು ಅನುಭವಸ್ಥರೊಬ್ಬರ ಕೈಕೆಳಗೆ ಕಳೆಯುವುದು ಉತ್ತಮ. ಮಾಂಗಲ್ಯಧಾರಣೆಯು ಎರಡನೆಯ ಸಲ ನಡೆಯುವುದಿಲ್ಲ. ಅಭ್ಯಾಸಕ್ಕೆ ಅದು ಸ್ಥಳವಲ್ಲ.

ಕಾನೂನಿನ ಒಂದು ಮಾತನ್ನೂ ತಿಳಿದಿರಬೇಕು. 1957 ರ ಕೃತಿಸ್ವಾಮ್ಯ ಶಾಸನದ ಪ್ರಕಾರ, ಹಣ ಕೊಟ್ಟು ಹೇಳಿ ತೆಗೆಯಿಸಿದ ಛಾಯಾಚಿತ್ರದ ಮೊದಲ ಒಡೆತನವು, ಬೇರೆ ಕರಾರು ಇಲ್ಲದಿದ್ದರೆ, ತೆಗೆಯಿಸಿದವರದೇ. ಗಿರಾಕಿಯ ಮಗಳ ಚಿತ್ರವನ್ನು ಕೇಳದೆ ಅಂಗಡಿಯ ಮುಂದೆ ತೂಗುಹಾಕುವುದು ಕಾನೂನಿಗೂ ವಿರುದ್ಧ, ಮರ್ಯಾದೆಗೂ ವಿರುದ್ಧ.

ಒಡೆತನವು ಗಿರಾಕಿಯದಾದರೂ ಕಾಪಾಡುವ ಹೊಣೆ ಫೋಟೋಗ್ರಾಫರನದು. ನನ್ನ ಮುಖ್ಯವಾದ ಮಾತು ಇದು. ನಮ್ಮ ಅಜ್ಜಿಯದೆಂದು ಮನೆಯಲ್ಲಿದ್ದದ್ದು ಒಂದೇ ಚಿತ್ರ. ಅದಕ್ಕೂ ಗೆದ್ದಲು ಹಿಡಿಯಿತು. ಹಿಂಬದಿಯಲ್ಲಿ ಸೀಸದಕಡ್ಡಿಯಿಂದ ಬರೆದ ಒಂದು ಸಂಖ್ಯೆ ಮಾತ್ರ ಉಳಿದಿತ್ತು. ನಮ್ಮ ತಂದೆ ಅದನ್ನು ಹಿಡಿದುಕೊಂಡು ಆ ಅಂಗಡಿಗೆ ಹೋದರು. ಚಿತ್ರ ತೆಗೆದವರು ತೀರಿಕೊಂಡಿದ್ದರು. ಅವರ ಮಗ ಹಳೆಯ ದಫ್ತರದಲ್ಲಿ ಸಂಖ್ಯೆಯನ್ನು ಹುಡುಕಿ, ತಗಡಿನ ಪೆಟ್ಟಿಗೆಯಿಂದ ನೆಗೆಟಿವ್ ತೆಗೆದು, ಮೂವತ್ತು ವರ್ಷಗಳ ತರುವಾಯ ಅಜ್ಜಿಯನ್ನು ನಮಗೆ ಮರಳಿ ಕೊಟ್ಟರು. ಇಂದಿನ ಚಿತ್ರಕ್ಕೆ ಗೆದ್ದಲಿನ ಭಯವಿಲ್ಲ. ಆದರೆ ಕಳೆದುಹೋದ ಒಂದು ದೂರವಾಣಿಯೊಡನೆ ಒಂದು ಮನೆಯ ಹತ್ತು ವರ್ಷಗಳ ನೆನಪು ಹೊರಟುಹೋಗುತ್ತದೆ. ದಿನಾಂಕ, ಹೆಸರು, ಊರುಗಳ ದಫ್ತರವನ್ನಿಟ್ಟು, ಪ್ರತಿಯೊಂದು ಚಿತ್ರವನ್ನೂ ಎರಡು ಬೇರೆ ತಟ್ಟೆಗಳಲ್ಲಿ ತುಂಬಿ, ಅವುಗಳಲ್ಲೊಂದನ್ನು ಅಂಗಡಿಯ ಹೊರಗೆ ಇನ್ನೊಂದು ಮನೆಯಲ್ಲಿ ಇರಿಸುವವನು ದೂರವಾಣಿಯು ಮಾಡಲಾರದ ಕೆಲಸವನ್ನು ಮಾಡುತ್ತಾನೆ.

ಇದಕ್ಕೆ ಹಲವಾಗಲಿನ ಸೀಮೆಯಲ್ಲಿಯೇ, ತುಂಗಭದ್ರೆಯ ಹರಿವನ್ನು ಹಿಡಿದು ಕೆಳಗೆ ಹೋದರೆ, ಒಂದು ದೊಡ್ಡ ನಿದರ್ಶನವಿದೆ. 1856 ರಲ್ಲಿ ಅಲೆಗ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿಯು ಮೇಣ ಸವರಿದ ಕಾಗದದ ನೆಗೆಟಿವ್‌ಗಳಲ್ಲಿ ಹಂಪೆಯ ದೇವಾಲಯಗಳ ಚಿತ್ರಗಳನ್ನು ತೆಗೆದನು. ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಶಿಖರವೊಂದು ಅವನ ಚಿತ್ರದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಇಂದು ರಥದ ಮೇಲೆ ಅದು ಇಲ್ಲ. ಇಟ್ಟಿಗೆ ಹೋಯಿತು, ಕಾಗದ ಉಳಿಯಿತು. 1980 ರ ದಶಕದಲ್ಲಿ ಜಾನ್ ಗಾಲಿಂಗ್ಸ್ ಎಂಬ ಆಸ್ಟ್ರೇಲಿಯದ ಛಾಯಾಚಿತ್ರಕಾರರು ಗ್ರೀನ್‌ಲಾ ನಿಂತಿದ್ದ ಸ್ಥಳಗಳಲ್ಲಿಯೇ ನಿಂತು ಪುನಃ ಚಿತ್ರ ತೆಗೆದುದರಿಂದ, ಹಂಪೆಯಲ್ಲಿ ಏನು ಉಳಿದಿದೆ, ಏನು ಅಳಿದಿದೆ ಎಂಬುದನ್ನು ನಾವು ಹೋಲಿಸಿ ನೋಡುವಂತಾಯಿತು.

ನನ್ನ ವಿದ್ಯಾರ್ಥಿಯು ಇದನ್ನೆಲ್ಲ ಕೇಳಿ ಬಹಳ ಹೊತ್ತು ಮಾತನಾಡಲಿಲ್ಲ. ಹೊರಡುವಾಗ, “ಸರ್, ನಮ್ಮ ಅಪ್ಪಾರದೂ ಒಂದು ಒಳ್ಳೆಯ ಫೋಟೋ ಇಲ್ಲ” ಎಂದನು. ಹೊಲದ ಕಾಗದಗಳು ಪೆಟ್ಟಿಗೆಯಲ್ಲಿಯೇ ಉಳಿದಿವೆಯೆಂದೂ, ತಾನು ಶಿಕ್ಷಣಕ್ಕೆ ಸೇರಿರುವೆನೆಂದೂ ಆಮೇಲೆ ತಿಳಿಸಿದನು. ಅದರ ಜೊತೆಗೆ ಒಂದು ಚಿತ್ರವನ್ನೂ ಕಳುಹಿಸಿದ್ದನು. ಉತ್ತರದ ಕಿಟಕಿಯ ಬಳಿ ಬಿಳಿಯ ರುಮಾಲಿನ ಒಬ್ಬ ರೈತರು ಕುಳಿತಿದ್ದಾರೆ. ಮುಖ ಕಪ್ಪಿಟ್ಟಿಲ್ಲ, ಹಣೆಯ ಒಂದೊಂದು ಗೆರೆಯೂ ಕಾಣುತ್ತದೆ. ಎರವಲು ತಂದ ಕ್ಯಾಮೆರಾದಿಂದ ತೆಗೆದದ್ದಂತೆ. ಹಿಂಬದಿಯಲ್ಲಿ ‘ಸಂಖ್ಯೆ 1’ ಎಂದು ಬರೆದಿತ್ತು.