ಬಂದರು, ಬಂತು, ವನ್ನು

ನಮ್ಮ ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. 1984ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ಅದಕ್ಕಿಂತ ಎಷ್ಟೋ ಮೊದಲಿನಿಂದಲೂ ಇಲ್ಲಿನವರು ಮನೆಯಲ್ಲೊಂದು, ಪೇಟೆಯಲ್ಲೊಂದು, ಶಾಲೆಯಲ್ಲೊಂದು ಭಾಷೆಯನ್ನಾಡಿಕೊಂಡು ಬಂದವರು. ನಮ್ಮ ತರಗತಿಯೊಂದರಲ್ಲೇ ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ ಮನೆಮಾತಿನವರಿದ್ದೇವೆ. ಇಂಥಲ್ಲಿ ಮೃದುವಾಗಿ ಮಾತನಾಡಿದರಷ್ಟೇ ಸಾಲದು. ಎದುರಿನವರ ಮಾತನ್ನು ಮೃದುವಾಗಿ ಕೇಳಲೂ ತಿಳಿದಿರಬೇಕು.

ಕಳೆದ ವರ್ಷದ ಸಂಗತಿ. ಮಲಯಾಳ ಮನೆಮಾತಿನ ಗೆಳತಿಯೊಬ್ಬಳು ಓಡಿಬಂದು, "ಟೀಚರ್, ಹೆಡ್ಮಾಸ್ತರರು ಬಂತು!" ಎಂದಳು. ತರಗತಿಯೇ ನಕ್ಕಿತು. "ಹೆಡ್ಮಾಸ್ತರರೇನು ಬಸ್ಸೋ?" ಎಂದು ಹಿಂದಿನ ಬೆಂಚಿನಿಂದ ಯಾರೋ ಕೇಳಿದರು. ಅವಳು ಆಮೇಲೆ ಬಹಳ ದಿನ ಕನ್ನಡದಲ್ಲಿ ಬಾಯಿ ಬಿಡಲಿಲ್ಲ; ಪಾಠ ಓದುವ ಸರದಿ ಬಂದರೆ ಗಂಟಲು ನೋವೆನ್ನುತ್ತಿದ್ದಳು.

ಅವಳದು ಅಗೌರವವಲ್ಲ. ಕನ್ನಡದಲ್ಲಿ ಗೌರವವು ಕ್ರಿಯಾಪದದ ತುದಿಯಲ್ಲಿ ತೋರುತ್ತದೆ: ಬಂದನು, ಬಂದಳು, ಬಂದರು, ಬಂದಿತು. ತುಳುವಿನಲ್ಲೂ ಹಾಗೆಯೇ, ಹಿರಿಯರಾದರೆ 'ಬತ್ತೆರ್'. ಮಲಯಾಳದಲ್ಲಾದರೋ ಹುಡುಗ ಬಂದರೂ, ಹುಡುಗಿ ಬಂದರೂ, ಅಜ್ಜ ಬಂದರೂ, ಬಸ್ಸೇ ಬಂದರೂ 'ವನ್ನು' ಒಂದೇ. ಅಲ್ಲಿ ಮರ್ಯಾದೆಯಿರುವುದು ಕರೆಯುವ ಹೆಸರಿನಲ್ಲಿ: ಮಾಷ್, ಟೀಚರ್, ಚೇಟ್ಟನ್, ಚೇಚ್ಚಿ. ಆ ರೂಢಿಯವಳು ಕನ್ನಡದಲ್ಲೂ ಎಲ್ಲರಿಗೂ ಒಂದೇ ರೂಪವನ್ನು ಹಿಡಿದುಕೊಂಡಿದ್ದಳು.

ನಕ್ಕವರಲ್ಲಿ ನಾನೂ ಒಬ್ಬಳು. ನಾಚಿಕೆಯ ಮಾತೆಂದರೆ, ನಮ್ಮ ಮನೆಯ ಹವ್ಯಕ ಕನ್ನಡದಲ್ಲಿ ಹೆಂಗಸರಿಗೆಲ್ಲ 'ಬಂತು' ಎಂದೇ ಹೇಳುವುದು. 'ಅಕ್ಕ ಬಂತು', 'ಅಜ್ಜಿ ಬಂತು'. ಅದರಲ್ಲಿ ಪ್ರೀತಿ ಕಡಿಮೆಯಾಯಿತೆಂದು ಯಾವ ಅಜ್ಜಿಯೂ ದೂರಿದ್ದಿಲ್ಲ.

ಹಾಗೆಂದು ತಿದ್ದಲೇಬಾರದೆಂದಲ್ಲ, ಪರೀಕ್ಷೆಯಲ್ಲಿ ಹಾಗೆ ಬರೆದರೆ ಅಂಕ ಹೋಗುತ್ತದೆ. ಆದರೆ ಅಂದು ನಮ್ಮ ಟೀಚರ್ ತಿದ್ದಿದ ಕ್ರಮವೇ ಬೇರೆ. "ಹೌದೇ, ಬಂದರೇ? ಹಾಗಾದರೆ ಎಲ್ಲರೂ ಸುಮ್ಮನೆ ಕೂತುಕೊಳ್ಳಿ" ಎಂದರು, ಅಷ್ಟೆ. ಸರಿಯಾದ ರೂಪ ಅವಳ ಕಿವಿಗೆ ಬಿತ್ತು, ತಪ್ಪು ಎಂಬ ಪದ ಬೀಳಲಿಲ್ಲ. ಅಷ್ಟರಲ್ಲಿ ನಮ್ಮ ನಗು ಮಾತ್ರ ಬಿದ್ದಾಗಿತ್ತು.

ಓಣಂ ರಜೆ ಕಳೆದ ಮೇಲೆ ನಮ್ಮ ಮನೆಯ 'ಬಂತು'ವಿನ ವಿಷಯವನ್ನು ಅವಳಿಗೆ ಹೇಳಿದೆ. ಸಮಾಧಾನಕ್ಕೆ ಹೇಳುತ್ತಿದ್ದೇನೆಂದುಕೊಂಡು ನಂಬಲಿಲ್ಲ. ಒಂದು ಶನಿವಾರ ಮನೆಗೇ ಕರೆದುಕೊಂಡು ಹೋದೆ. ಅಡಿಕೆ ಹರಡಿದ್ದ ಅಂಗಳದಲ್ಲಿ ಆಡುತ್ತಿದ್ದ ತಮ್ಮ ನಮ್ಮನ್ನು ಕಂಡವನೇ ಒಳಗೆ ಕೂಗಿದ: "ಅಕ್ಕ ಬಂತು! ಇನ್ನೊಂದು ಅಕ್ಕ ಬಂತು!"

ಅಮ್ಮ ಬೆಲ್ಲ, ನೀರು ತಂದಿಡುವವರೆಗೂ ಅವಳ ನಗು ನಿಲ್ಲಲಿಲ್ಲ.