ಕರೆಂಟ್ ಇದೆ, ಬ್ರೇಕ್ ಇಲ್ಲ

ಹೆತ್ತೂರು, ಹಾನುಬಾಳು ಕಡೆಯ ತೋಟದ ರಸ್ತೆಗಳಲ್ಲಿ ಕಾಫಿ ಮೂಟೆ ಹೇರಿಕೊಂಡು ಇಳಿಯುವ ಟ್ರ್ಯಾಕ್ಟರಿನ ಹಿಂದೆ ಹೋಗುವಾಗ ಒಂದು ಸದ್ದು ಕೇಳುತ್ತದೆ. ಡ್ರೈವರ್ ಬ್ರೇಕ್ ತುಳಿದ ಕೂಡಲೇ ಕೊಂಡಿಯ ಹತ್ತಿರ ‘ಠಕ್’ ಎನ್ನುತ್ತದೆ. ಟ್ರ್ಯಾಕ್ಟರ್ ನಿಧಾನವಾಯಿತು, ಟ್ರೇಲರ್ ಆಗಲಿಲ್ಲ. ಮುಂದಿನದನ್ನು ಅದು ನೂಕುತ್ತಿದೆ. ನಮ್ಮ ಎಷ್ಟೋ ಟ್ರೇಲರುಗಳಿಗೆ ಸ್ವಂತ ಬ್ರೇಕೇ ಇಲ್ಲ. ತಿರುವಿನಲ್ಲಿ ಆ ನೂಕು ಓರೆಯಾಗಿ ಬಿದ್ದರೆ ಎರಡೂ ಮಡಚಿಕೊಂಡು ಹಳ್ಳ ಸೇರುತ್ತವೆ.

ಸರಕು ಸೇರಿ 3 ಟನ್ ತೂಗುವ ಟ್ರೇಲರ್ 100 ಮೀಟರ್ ಎತ್ತರ ಇಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 29 ಲಕ್ಷ ಜೂಲ್. 9 ಲೀಟರಿನಷ್ಟು ತಣ್ಣೀರನ್ನು ಕುದಿ ಬರಿಸಲು ಅಷ್ಟು ಸಾಕು. ಇದೇ ಬೆಟ್ಟಗಳಲ್ಲಿ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ 50ಕ್ಕೆ 1ರ ಇಳಿಜಾರಿನಲ್ಲಿ ಇಳಿಯುವ ರೈಲು, ಎಂಜಿನ್ನಿನ ಮೋಟಾರುಗಳನ್ನೇ ಜನರೇಟರ್ ಮಾಡಿಕೊಂಡು ವೇಗ ತಡೆಯುತ್ತದೆ. ಟ್ರೇಲರಿಗೆ ಅಂಥ ಸೌಕರ್ಯವಿಲ್ಲ. ಎಂಜಿನ್ ತಡೆದು ಉಳಿದ ಶಾಖವನ್ನೆಲ್ಲ ಬ್ರೇಕಿನ ಡ್ರಮ್ಮು, ಒಳಗಿನಿಂದ ಅದಕ್ಕೆ ಒತ್ತುವ ಶೂಗಳೇ ನುಂಗಬೇಕು.

ಅಮೆರಿಕದಲ್ಲಿ ದೋಣಿ, ಕ್ಯಾರವಾನ್ ಎಳೆಯುವವರು ಟ್ರೇಲರಿಗೆ ವಿದ್ಯುತ್ ಬ್ರೇಕ್ ಹಾಕಿಸುತ್ತಾರೆ. ಅದರ ಜಾಣತನ ನನಗೆ ಬಹಳ ಇಷ್ಟ. ಡ್ರಮ್ಮಿನೊಳಗೆ ಒಂದು ತೋಳು, ಅದರ ತುದಿಗೆ ಅಂಗೈಯಗಲದ ವಿದ್ಯುತ್ಕಾಂತ. ಕರೆಂಟ್ ಹರಿದಾಗ ಅದು ತಿರುಗುವ ಡ್ರಮ್ಮಿನ ಒಳಮೈಗೆ ಅಂಟಿ, ಅದರ ಎಳೆತಕ್ಕೆ ಸಿಕ್ಕಿ ಸಾಗುತ್ತದೆ. ತೋಳು ವಾಲಿ ಶೂಗಳನ್ನು ಅಗಲಿಸುತ್ತದೆ. ಶೂ ಒತ್ತುವ ಬಲ ಬರುವುದು ಬ್ಯಾಟರಿಯಿಂದಲ್ಲ, ತಿರುಗುವ ಚಕ್ರದಿಂದಲೇ.

ಈ ಬ್ರೇಕ್ ಸೊರಗಿದರೆ ಜನ ಮೊದಲು ವಿದ್ಯುತ್ಕಾಂತವನ್ನೇ ಅನುಮಾನಿಸುತ್ತಾರೆ. ನಾನಾದರೆ ಅರ್ತಿಂಗನ್ನು, ಅಂದರೆ ಕರೆಂಟ್ ಬ್ಯಾಟರಿಗೆ ಮರಳುವ ದಾರಿಯನ್ನು, ಮೊದಲು ನೋಡುತ್ತೇನೆ. ಟ್ರೇಲರಿನ ಹಿಂದಿನ ದೀಪ ಕೊಂಡಿ ಅಲುಗಾಡಿದಂತೆಲ್ಲ ಮಂಕಾಗಿ ಮಿನುಗುವುದನ್ನು ಮಲೆನಾಡಿನಲ್ಲಿ ಯಾರು ನೋಡಿಲ್ಲ? ಬ್ಯಾಟರಿಗೆ ಮರಳುವ ಕರೆಂಟಿಗೆ ಅಲ್ಲಿ ಬೇರೆ ತಂತಿಯಿಲ್ಲ. ತುಕ್ಕು, ಕೆಸರು, ಗ್ರೀಸ್ ಮೆತ್ತಿದ ಕೊಂಡಿಯ ಪಿನ್ನೇ ದಾರಿ. ತಿಂಗಳುಗಟ್ಟಲೆ ಮಳೆ ಹೊಯ್ಯುವ ಊರಲ್ಲಿ ಆ ದಾರಿ ಬೇಗ ಕೆಡುತ್ತದೆ.

ಲೆಕ್ಕ ಹಾಕಿ ನೋಡೋಣ. ಒಂದೊಂದು ವಿದ್ಯುತ್ಕಾಂತದ ರೋಧ ಸುಮಾರು 3 ಓಮ್. ಎರಡು ಚಕ್ರದವು ಸಮಾಂತರವಾಗಿ ಸೇರಿದರೆ 1.5 ಓಮ್. 12 ವೋಲ್ಟಿಗೆ 8 ಆಂಪಿಯರ್ ಹರಿಯಬೇಕು. ಕೊಂಡಿಯ ತುಕ್ಕು ಬರೀ 1 ಓಮ್ ಸೇರಿಸಿದರೂ ಹರಿಯುವುದು 4.8 ಆಂಪಿಯರ್ ಮಾತ್ರ. ವಿದ್ಯುತ್ಕಾಂತಗಳಿಗೆ ಸಿಗುವುದು 7.2 ವೋಲ್ಟ್. ಆದರೆ ಬ್ರೇಕಿನ ತಂತಿ ಬಿಚ್ಚಿ ಮಲ್ಟಿಮೀಟರ್ ಇಟ್ಟರೆ ಪೂರ್ತಿ 12 ತೋರಿಸುತ್ತದೆ! ಕರೆಂಟೇ ಹರಿಯದಿದ್ದಾಗ ತುಕ್ಕಿನ ತಡೆ ಮೀಟರಿಗೆ ಗೊತ್ತಾಗುವುದಿಲ್ಲ. ಆದ್ದರಿಂದ ತಂತಿ ಬಿಚ್ಚದೆ, ಬ್ರೇಕ್ ಒತ್ತಿಸಿಕೊಂಡೇ ಅಳೆಯಬೇಕು. ಆಗ ಟ್ರೇಲರ್ ಚಾಸಿಗೂ ಬ್ಯಾಟರಿಯ ನೆಗೆಟಿವ್‌ಗೂ ನಡುವೆ ವೋಲ್ಟೇಜ್ ಸೊನ್ನೆಯ ಆಸುಪಾಸಿನಲ್ಲಿರಬೇಕು. ಮೂರು, ನಾಲ್ಕು ವೋಲ್ಟ್ ಕಂಡರೆ ಕಳ್ಳ ಸಿಕ್ಕಿದ ಹಾಗೆ.

ವಿದ್ಯುತ್ತು ಸರಿಯಿದ್ದೂ ಹಿಡಿತವಿಲ್ಲವೆಂದರೆ ಡ್ರಮ್ ಬಿಚ್ಚಬೇಕು. ಬೇರಿಂಗಿನ ಗ್ರೀಸ್ ಸೋರಿ ಶೂಗಳ ಲೈನರ್ ನೆನೆದಿರಬಹುದು. ಹಾಗಾದರೆ ಒರೆಸಿ ಪ್ರಯೋಜನವಿಲ್ಲ, ಬದಲಿಸಿ. ಶೂ ಸವೆದು ಡ್ರಮ್ಮಿನಿಂದ ದೂರ ಸರಿದಿದ್ದರೆ ಅಡ್ಜಸ್ಟರ್ ತಿರುಗಿಸಿ ಹತ್ತಿರ ತರಬೇಕು.

ಬ್ರೇಕ್ ಸೋಲುವುದು ಯಾವಾಗ ಎಂಬುದೂ ಕಾರಣ ಹೇಳುತ್ತದೆ. ಮೊದಲ ತುಳಿತಕ್ಕೇ ಮೆತ್ತಗಿದ್ದರೆ ತಂತಿ, ಗ್ರೀಸ್ ಅಥವಾ ಅಡ್ಜಸ್ಟ್‌ಮೆಂಟ್ ನೋಡಿ. ಘಾಟಿಯ ಮೇಲಿನ ಮಾರನಹಳ್ಳಿಯಲ್ಲಿ ಚೆನ್ನಾಗಿ ಹಿಡಿದು ಕೆಳಗಿನ ಗುಂಡ್ಯ ಹತ್ತಿರವಾಗುವಾಗ ಜಾರತೊಡಗಿದರೆ ಅದು ಶಾಖ: ಕಾದ ಲೈನರಿನ ಘರ್ಷಣೆ ಇಳಿದಿದೆ, ಕಾದ ಡ್ರಮ್ ಹಿಗ್ಗಿ ಶೂಗಳಿಂದ ಸರಿದಿದೆ. ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಸುವವರು ಈ ಶಾಖವನ್ನೆಲ್ಲ ಬ್ರೇಕಿನ ಮೇಲೇ ಹೇರುತ್ತಾರೆ. ಇದನ್ನು ದಯವಿಟ್ಟು ಬಿಡಬೇಕು.

ಟ್ರೇಲರಿಗೆ ಬ್ರೇಕ್ ಹಾಕಿಸುವವರು ಕೊಂಡಿಯನ್ನು ನಂಬದೆ ಅರ್ತಿಂಗಿಗೆ ಬೇರೆಯೇ ದಪ್ಪ ತಂತಿ ಎಳೆಸಿ. ಮೂಟೆ ಹೇರಿದ ಮೇಲೆ, ಇಳಿಜಾರು ಶುರುವಾಗುವ ಮುಂಚೆ, ಸಮತಟ್ಟು ಜಾಗದಲ್ಲಿ ನಿಧಾನವಾಗಿ ಹೋಗಿ ಒಮ್ಮೆ ಬ್ರೇಕ್ ತುಳಿದು ನೋಡಿ.