ಲಾಲ್‌ಬಾಗ್ ಸಸ್ಯೋದ್ಯಾನ

ಲಾಲ್‌ಬಾಗ್ ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಸುಮಾರು 240 ಎಕರೆ ವಿಸ್ತಾರದಲ್ಲಿ ಹರಡಿರುವ ಸಸ್ಯಶಾಸ್ತ್ರೀಯ ಉದ್ಯಾನ. ಕರ್ನಾಟಕ ಸರ್ಕಾರದ ತೋಟಗಾರಿಕೆ ಇಲಾಖೆ ಇದನ್ನು ನಿರ್ವಹಿಸುತ್ತದೆ. ಗಣರಾಜ್ಯೋತ್ಸವ ಹಾಗೂ ಸ್ವಾತಂತ್ರ್ಯ ದಿನಾಚರಣೆಯ ಸಂದರ್ಭಗಳಲ್ಲಿ ಇಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನಗಳು ನಾಡಿನಾದ್ಯಂತ ಪ್ರಸಿದ್ಧವಾಗಿವೆ.

ಇತಿಹಾಸ

1760ರಲ್ಲಿ ಹೈದರ್ ಅಲಿ ಈ ತೋಟಕ್ಕೆ ಅಡಿಪಾಯ ಹಾಕಿದನು. ಶಿರಾದಲ್ಲಿದ್ದ ಮೊಘಲ್ ಶೈಲಿಯ ತೋಟವೇ ಇದಕ್ಕೆ ಮಾದರಿ. ಟಿಪ್ಪು ಸುಲ್ತಾನನು ದೂರದೇಶಗಳಿಂದ ಸಸಿ ಮತ್ತು ಬೀಜಗಳನ್ನು ತರಿಸಿ ತೋಟವನ್ನು ಬೆಳೆಸಿದನು. 1856ರಲ್ಲಿ ಇದು ಸರ್ಕಾರಿ ಸಸ್ಯೋದ್ಯಾನವಾಯಿತು. 1874ರಲ್ಲಿ ಅಧಿಕಾರ ವಹಿಸಿಕೊಂಡ ಜಾನ್ ಕ್ಯಾಮರಾನ್ ಹಲವು ವಿದೇಶಿ ತರಕಾರಿಗಳನ್ನು ಇಲ್ಲಿ ಬೆಳೆಸಿ ಪ್ರಚಾರಕ್ಕೆ ತಂದನು. ನಮ್ಮ ಅಡುಗೆಮನೆಯ ಸೀಮೆಬದನೆ ಅಂಥವುಗಳಲ್ಲೊಂದು. ತಮಿಳುನಾಡಿನಲ್ಲಿ ಅದನ್ನು ಇಂದಿಗೂ ‘ಬೆಂಗಳೂರು ಕತ್ತರಿಕಾಯಿ’ ಎನ್ನುತ್ತಾರೆ. ಲಾಲ್‌ಬಾಗ್ ಕೇವಲ ವಿಹಾರಸ್ಥಳವಾಗಿರದೆ ಪ್ರಯೋಗಶಾಲೆಯೂ ಆಗಿತ್ತೆಂಬುದನ್ನು ಈ ಹೆಸರೇ ಹೇಳುತ್ತದೆ. 1908ರಲ್ಲಿ ಬಂದ ಜರ್ಮನಿಯ ಜಿ. ಎಚ್. ಕ್ರುಂಬಿಗಲ್ ಉದ್ಯಾನದ ವಿನ್ಯಾಸವನ್ನಷ್ಟೇ ಅಲ್ಲ, ಬೆಂಗಳೂರಿನ ಸಾಲುಮರಗಳ ಸ್ವರೂಪವನ್ನೂ ರೂಪಿಸಿದರು. ಒಂದು ಜಾತಿಯ ಮರ ಹೂ ಉದುರಿಸುವ ವೇಳೆಗೆ ಇನ್ನೊಂದು ಅರಳುವಂತೆ ಬೀದಿಬೀದಿಗಳಲ್ಲಿ ಮರ ನೆಡಿಸಿದ ಯೋಜನೆ ಅವರದು. ಅವರ ನಂತರ ಎಚ್. ಸಿ. ಜವರಾಯ, ಎಂ. ಎಚ್. ಮರಿಗೌಡ ಮೊದಲಾದವರು ಈ ಪರಂಪರೆಯನ್ನು ಮುಂದುವರಿಸಿದರು.

ಗಾಜಿನ ಮನೆ ಮತ್ತು ಪ್ರದರ್ಶನ

ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸನ್ನು ನೆನಪಿಸುವ ಗಾಜಿನ ಮನೆಗೆ 1889ರಲ್ಲಿ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಶಂಕುಸ್ಥಾಪನೆ ಮಾಡಿದನು. ಎರಕದ ಕಬ್ಬಿಣದ ಕಂಬಗಳ ಮೇಲೆ ನಿಂತಿರುವ ಈ ಕಟ್ಟಡವೇ ಪ್ರದರ್ಶನದ ಕೇಂದ್ರ. ಪ್ರತಿ ಬಾರಿ ಒಂದು ವಿಷಯವನ್ನು ಆರಿಸಿಕೊಂಡು ಲಕ್ಷಾಂತರ ಹೂಗಳಿಂದ ಮಾದರಿಗಳನ್ನು ಕಟ್ಟಲಾಗುತ್ತದೆ. 2022ರ ಆಗಸ್ಟ್ ಪ್ರದರ್ಶನವನ್ನು ಡಾ. ರಾಜ್‌ಕುಮಾರ್ ಮತ್ತು ಪುನೀತ್ ರಾಜ್‌ಕುಮಾರ್ ಅವರಿಗೆ ಅರ್ಪಿಸಲಾಗಿತ್ತು.

ಪ್ರದರ್ಶನದ ದಿನಗಳಲ್ಲಿ, ಅದರಲ್ಲೂ ಭಾನುವಾರ, ಗಾಜಿನ ಮನೆಯೊಳಗೆ ನಿಂತು ನೋಡುವುದು ಅಸಾಧ್ಯ. ಜನಪ್ರವಾಹವೇ ನೋಡುಗನನ್ನು ಒಂದು ಬಾಗಿಲಿಂದ ಇನ್ನೊಂದಕ್ಕೆ ದಾಟಿಸಿಬಿಡುತ್ತದೆ. ಹೂವಿನ ಗೋಪುರವನ್ನು ಮೊಬೈಲಿನಲ್ಲಿ ಸೆರೆಹಿಡಿದು ಮರಳುವ ಬಹುಮಂದಿ ಒಂದು ಮರದ ನಾಮಫಲಕವನ್ನೂ ಓದಿರುವುದಿಲ್ಲ. ಹೂವು ಹತ್ತು ದಿನದ್ದು, ಮರಗಳೋ ಶತಮಾನ ಕಂಡವು. ವಿದ್ಯಾರ್ಥಿಗಳನ್ನು ಕರೆತರುವ ಶಿಕ್ಷಕರು ಪ್ರದರ್ಶನವಿಲ್ಲದ ವಾರದ ದಿನವೊಂದನ್ನು ಆರಿಸಿಕೊಳ್ಳುವುದು ಮೇಲು.

ಬಂಡೆ

ಉದ್ಯಾನದೊಳಗಿನ ಗುಡ್ಡದಂಥ ಹೆಬ್ಬಂಡೆಯು ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಶಿಲೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಶಿಲೆಯ ಮೈಮೇಲಿನ ಕಪ್ಪು-ಬಿಳಿ ಪಟ್ಟೆಗಳು, ಭೂಗರ್ಭದ ಅಪಾರ ಶಾಖ ಮತ್ತು ಒತ್ತಡಗಳಲ್ಲಿ ಖನಿಜಗಳು ಬೇರ್ಪಟ್ಟು ಸಾಲುಗೂಡಿದುದರ ಗುರುತು. ನೆತ್ತಿಯ ಮೇಲಿನ ಮಂಟಪವು ಕೆಂಪೇಗೌಡರ ಹೆಸರಿನ ನಾಲ್ಕು ಗಡಿಗೋಪುರಗಳಲ್ಲಿ ಒಂದು. ನಗರವು ಇಷ್ಟಕ್ಕೇ ಬೆಳೆಯುವುದೆಂದು ಅಂದು ಎಣಿಸಿದ್ದ ಎಲ್ಲೆ ಈಗ ಊರ ನಡುವೆ ಸೇರಿಹೋಗಿದೆ. ಇಂಥ ಬಂಡೆಯ ಮೇಲೆ ಹೆಸರು ಕೆತ್ತುವವರೂ ಇದ್ದಾರೆಂಬುದು ವಿಷಾದದ ಸಂಗತಿ.

ಸಂದರ್ಶಕರಿಗೆ

ಉದ್ಯಾನಕ್ಕೆ ನಾಲ್ಕು ದಿಕ್ಕುಗಳಲ್ಲೂ ದ್ವಾರಗಳಿವೆ. ‘ನಮ್ಮ ಮೆಟ್ರೋ’ದ ಹಸಿರು ಮಾರ್ಗದ ಲಾಲ್‌ಬಾಗ್ ನಿಲ್ದಾಣ ಪಶ್ಚಿಮ ದ್ವಾರಕ್ಕೆ ಸಮೀಪವಾಗಿದೆ. ಬೆಳಗ್ಗೆ ಬೇಗ ಬಂದರೆ ಬಂಡೆಯನ್ನು ಬಿಸಿಲೇರುವ ಮುನ್ನ ಹತ್ತಬಹುದು. ಅಲ್ಲಿಂದ ಇಳಿದು, ತಮಿಳುನಾಡಿನ ತಿರುವಕ್ಕರೈಯಿಂದ ತಂದಿರಿಸಿದ ಸುಮಾರು 2 ಕೋಟಿ ವರ್ಷದ ಶಿಲೀಭೂತ ಮರವನ್ನು ನೋಡಬಹುದು. ಕೆರೆಯ ಬಳಿಯ ಬಿಳಿ ಬೂರುಗದ ಮರವನ್ನಂತೂ ತಪ್ಪಿಸಬಾರದು. ಅದರ ಬೇರುಗಳು ಗೋಡೆಗಳಂತೆ ಎದ್ದು ನಿಂತಿದ್ದು, ಎರಡು ಬೇರುಗಳ ನಡುವೆ ಮಕ್ಕಳು ಅಡಗಿ ನಿಲ್ಲುವಷ್ಟು ಸ್ಥಳವಿದೆ.